ಎರಡು ದಿನದ ಬೆಂಗಳೂರು

ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಪ್ರೌಢಶಾಲೆಯೊಂದಿದೆ. ಅದರ ಒಂಬತ್ತನೆಯ ತರಗತಿಯಲ್ಲಿ 34 ಮಂದಿ ವಿದ್ಯಾರ್ಥಿಗಳು. ದಸರಾ ರಜೆ ಕಳೆದು ಶಾಲೆ ಮತ್ತೆ ತೆರೆದ ವಾರದಲ್ಲಿ ಮುಖ್ಯೋಪಾಧ್ಯಾಯರು ತರಗತಿಗೆ ಬಂದು ಒಂದು ಸಂಗತಿಯನ್ನು ತಿಳಿಸಿದರು. ಆ ವರ್ಷದ ಪ್ರವಾಸ ಬೆಂಗಳೂರಿಗೆ. ಶನಿವಾರ ಮುಂಜಾನೆ ಹೊರಟು ಭಾನುವಾರ ರಾತ್ರಿಯೊಳಗೆ ಊರು ಸೇರಬೇಕು. ಏನನ್ನು ನೋಡಬೇಕು, ಹೇಗೆ ಹೋಗಬೇಕು, ಎಷ್ಟು ಖರ್ಚು ಮಾಡಬೇಕು ಎಂಬುದನ್ನು ವಿದ್ಯಾರ್ಥಿಗಳೇ ನಿರ್ಧರಿಸಿ ಬರೆದು ತರಬೇಕು. ಕನ್ನಡದ ಮೇಷ್ಟ್ರು ಮತ್ತು ಸಮಾಜ ವಿಜ್ಞಾನದ ಮೇಡಂ ಜೊತೆಯಲ್ಲಿ ಬರುವವರು. ಅವರನ್ನು ಕೇಳಿ ತಿಳಿದುಕೊಳ್ಳಬಹುದು. ಆದರೆ ಅವರಿಂದ ಬರೆಸಿಕೊಳ್ಳುವಂತಿಲ್ಲ.

ಮರುದಿನವೇ ಪಟ್ಟಿ ಸಿದ್ಧವಾಯಿತು. ಅದರಲ್ಲಿ 23 ಸ್ಥಳಗಳಿದ್ದವು. ವಿಧಾನಸೌಧ, ಲಾಲ್‌ಬಾಗ್, ಬನ್ನೇರುಘಟ್ಟದ ಹುಲಿ ಸಿಂಹಗಳು, ನಂದಿಬೆಟ್ಟ, ನಗರದ ಹೊರವಲಯದ ಒಂದು ಮನರಂಜನಾ ಉದ್ಯಾನ, ಎರಡು ದೊಡ್ಡ ಮಾಲ್‌ಗಳು, ವಿಮಾನ ಇಳಿಯುವುದನ್ನು ನೋಡಲು ವಿಮಾನ ನಿಲ್ದಾಣ, ಹೀಗೆ ಯಾರು ಏನು ಕೇಳಿದ್ದರೋ ಅದೆಲ್ಲವೂ ಪಟ್ಟಿಯೊಳಗೆ ಬಂದು ಕುಳಿತಿತ್ತು. ಕಾಣದ ಊರಿನ ಬಗ್ಗೆ ಮಕ್ಕಳು ಮಾಡುವ ಪಟ್ಟಿ ಹೀಗೆಯೇ ಇರಬೇಕು. ಮೊದಲ ಪಟ್ಟಿಯೇ ಜಿಪುಣವಾಗಿದ್ದರೆ ಆ ಪ್ರವಾಸದಲ್ಲಿ ಸತ್ವವಿರುವುದಿಲ್ಲ. ಆದರೆ ಗಣಿತದಲ್ಲಿ ಚುರುಕಾದ ಹುಡುಗನೊಬ್ಬ ಸುಮ್ಮನಿರಲಿಲ್ಲ. ಎರಡು ದಿನಗಳಲ್ಲಿ ನಗರದಲ್ಲಿ ದೊರೆಯುವ ಹೊತ್ತು ಸುಮಾರು 20 ಗಂಟೆ. ಊಟ, ತಿಂಡಿ, ವಿಶ್ರಾಂತಿಗಳಿಗೆ 5 ಗಂಟೆ ಕಳೆದರೆ ಉಳಿಯುವುದು 15 ಗಂಟೆ. ಅದನ್ನು 23ರಿಂದ ಭಾಗಿಸಿದರೆ ಒಂದೊಂದು ಸ್ಥಳಕ್ಕೆ 40 ನಿಮಿಷವೂ ಇಲ್ಲ. "ಇದರಲ್ಲಿ ದಾರಿ ಸೇರಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ಹಾರಿಕೊಂಡು ಹೋಗುವವರಿಗೆ ಮಾತ್ರ ಈ ಲೆಕ್ಕ," ಎಂದು ಅವನು ಕುಳಿತುಕೊಂಡ. ತರಗತಿ ನಕ್ಕಿತು, ಪಟ್ಟಿ ಮಾತ್ರ ಹಾಗೆಯೇ ಉಳಿಯಿತು.

ಪಟ್ಟಿಯನ್ನು ಅಲುಗಾಡಿಸಿದ್ದು ಬೇರೊಂದು ಲೆಕ್ಕ. ಎರಡು ದಿನದ ಬಾಡಿಗೆ ಬಸ್ಸು, ಮನರಂಜನಾ ಉದ್ಯಾನದ ಪ್ರವೇಶ ದರ, ವಸತಿ, ಊಟ ಎಲ್ಲವನ್ನೂ ಕೂಡಿಸಿ ಹಂಚಿದಾಗ ತಲೆಗೆ 2600 ರೂಪಾಯಿ ಬಿತ್ತು. ಬರುವವರು ಹೆಸರು ಬರೆಯಲೆಂದು ಒಂದು ಹಾಳೆಯನ್ನು ತರಗತಿಯಲ್ಲಿ ಸುತ್ತಿಸಿದರು. ಅದು ಹಿಂದಿರುಗಿ ಬಂದಾಗ ಅದರಲ್ಲಿ 25 ಹೆಸರುಗಳು ಮಾತ್ರ ಇದ್ದವು. ಉಳಿದ ಒಂಬತ್ತು ಮಂದಿಗೂ ಒಂದೊಂದು ಕಾರಣ. ಒಬ್ಬನ ಅಜ್ಜಿಗೆ ಮೈ ಸರಿಯಿಲ್ಲ. ಒಬ್ಬಳಿಗೆ ಬಸ್ಸು ಹತ್ತಿದರೆ ತಲೆ ಸುತ್ತುತ್ತದೆ. ಇಬ್ಬರು ಚಿಕ್ಕಪ್ಪನ ಮಗಳ ಮದುವೆಗೆ ಹೋಗಬೇಕು. ಆ ತಿಂಗಳಲ್ಲಿ ಆ ಸೀಮೆಯಲ್ಲಿಯೇ ಮದುವೆಯಿರಲಿಲ್ಲವೆಂಬುದು ಮೇಷ್ಟ್ರಿಗೆ ಗೊತ್ತಿತ್ತು. ಅವರು ಏನನ್ನೂ ಕೇಳಲಿಲ್ಲ. ಬಡತನ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದಿಲ್ಲ.

ತರಗತಿಯ ನಾಯಕಿ ಆ ಹಾಳೆಯನ್ನು ಮನೆಗೆ ಒಯ್ದಿದ್ದಳು. ಮರುದಿನ ಮೊದಲ ಅವಧಿಯಲ್ಲಿಯೇ ಎದ್ದು ನಿಂತು, "ಸಾರ್, 23 ಜಾಗಗಳನ್ನು 25 ಜನ ನೋಡಿ ಬರುವುದೋ, ಹತ್ತು ಜಾಗಗಳನ್ನು 34 ಜನ ನೋಡಿ ಬರುವುದೋ?" ಎಂದು ಕೇಳಿದಳು. ಮೇಷ್ಟ್ರು ಉತ್ತರ ಹೇಳಲಿಲ್ಲ. ಆ ಪ್ರಶ್ನೆಯನ್ನು ಕಪ್ಪು ಹಲಗೆಯ ಮೇಲೆ ಬರೆಯುವಂತೆ ಹೇಳಿದರು. ಅದು ಮೂರು ದಿನ ಅಲ್ಲಿಯೇ ಇತ್ತು. ಕೊನೆಗೆ ಪಟ್ಟಿಯನ್ನು ಕೈಗೆತ್ತಿಕೊಂಡು ಹೊಡೆದುಹಾಕಲು ಆರಂಭಿಸಿದವರು ಅದನ್ನು ಬರೆದ ಮಕ್ಕಳೇ.

ಮೊದಲು ಹೋದದ್ದು ಬಾಡಿಗೆ ಬಸ್ಸು. ಅರಸೀಕೆರೆ ದೊಡ್ಡ ರೈಲ್ವೆ ಜಂಕ್ಷನ್. ಅಲ್ಲಿಂದ ತಿಪಟೂರು, ತುಮಕೂರುಗಳ ಮೂಲಕ ಬೆಂಗಳೂರಿಗೆ ದಿನವೆಲ್ಲ ರೈಲುಗಳಿವೆ. ಮನೆಯ ಬಾಗಿಲಲ್ಲಿ ರೈಲಿರುವಾಗ ಬಸ್ಸನ್ನು ಕರೆಸುವುದು ಬಾವಿಯ ಪಕ್ಕದಲ್ಲಿ ಕುಳಿತು ನೀರು ಕೊಂಡಂತೆ. ಗ್ರಾಮಾಂತರ ಪ್ರದೇಶದ ಸರ್ಕಾರಿ ಶಾಲೆಗಳ ಮಕ್ಕಳು ಅಧ್ಯಯನ ಪ್ರವಾಸಕ್ಕೆ ಹೋಗುವಾಗ ವರ್ಷಕ್ಕೊಮ್ಮೆ ಎರಡನೆಯ ದರ್ಜೆಯ ರೈಲು ದರದಲ್ಲಿ ರಿಯಾಯಿತಿಯುಂಟು. ಅದಕ್ಕೆ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ ಬೇಕು, ಸಾಕಷ್ಟು ಮೊದಲೇ ಅರ್ಜಿ ಕೊಡಬೇಕು. ಹಳ್ಳಿಯಿಂದ ಅರಸೀಕೆರೆಯವರೆಗಿನ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ಟಿನ ಹಣವಿಲ್ಲ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಸಂಚರಿಸಬಹುದು. ಹುಡುಗರು ಇದಕ್ಕೆ ಸ್ವಲ್ಪ ಗೊಣಗಿದರು. ಗುರುತಿನ ಚೀಟಿಯನ್ನು ಮರೆತವಳು ಹುಡುಗರಷ್ಟೇ ಹಣ ಕೊಡಬೇಕಾಗುತ್ತದೆ ಎಂದು ಮೇಡಂ ಹೇಳಿದ ಮೇಲೆ ಗೊಣಗಾಟ ನಿಂತಿತು.

ಎರಡನೆಯದಾಗಿ ದೂರದ ಸ್ಥಳಗಳು ಹೋದವು. ಬನ್ನೇರುಘಟ್ಟ ನಗರದ ಮಧ್ಯದಿಂದ 22 ಕಿಲೋಮೀಟರ್. ಹಳ್ಳಿಯ ದಾರಿಯಲ್ಲಿ ಅದು ಅರ್ಧ ಗಂಟೆಯ ಮಾತು. ಬೆಂಗಳೂರಿನ ವಾಹನಗಳ ನಡುವೆ ಹೋಗಿ ಬರುವುದರಲ್ಲಿಯೇ ಅರ್ಧ ದಿನ ಮುಗಿದೀತು. ನಂದಿಬೆಟ್ಟ ಇನ್ನೂ ದೂರ. ನಗರಗಳಲ್ಲಿ ದೂರವನ್ನು ಕಿಲೋಮೀಟರಿನಿಂದ ಅಳೆಯಬಾರದು, ಗಂಟೆಯಿಂದ ಅಳೆಯಬೇಕು ಎಂಬುದು ಆ ದಿನ ಅವರಿಗೆ ತಿಳಿದುಬಂತು. 1951ರಲ್ಲಿ ಎಂಟು ಲಕ್ಷದೊಳಗೆ ಜನರಿದ್ದ ಊರು 2011ರ ಜನಗಣತಿಯ ಹೊತ್ತಿಗೆ 84 ಲಕ್ಷವನ್ನು ಮುಟ್ಟಿತ್ತು. ರಸ್ತೆಗಳು ಆ ಪ್ರಮಾಣದಲ್ಲಿ ಅಗಲವಾಗಲಿಲ್ಲ.

ವಿಮಾನ ನಿಲ್ದಾಣವೂ ಹೋಯಿತು. ಮಾಲ್‌ಗಳ ವಿಷಯದಲ್ಲಿ ಮಾತ್ರ ವಾದ ಬೆಳೆಯಿತು. ಹಿಂದಿನ ಸಾಲಿನ ನಾಲ್ವರು ಸುಲಭವಾಗಿ ಬಿಟ್ಟುಕೊಡಲಿಲ್ಲ. ಅವರ ಮಾತಿನಲ್ಲಿಯೂ ನ್ಯಾಯವಿತ್ತು: ಹಳೆಯ ಕಟ್ಟಡಗಳನ್ನಷ್ಟೇ ನೋಡಿ ಬರುವುದಾದರೆ ಬೇಲೂರು, ಹಳೇಬೀಡು ಹತ್ತಿರದಲ್ಲಿಯೇ ಇವೆಯಲ್ಲ, ಹೊಸದನ್ನು ನೋಡಲೆಂದೇ ತಾನೇ ನಗರಕ್ಕೆ ಹೋಗುವುದು? ಮೆಟ್ರೋ ರೈಲು ಹೊಸದಲ್ಲವೇ ಎಂದು ಒಬ್ಬಳು ಕೇಳಿದಳು. ಭೂಮಿಯೊಳಗೆ ಓಡುವ ರೈಲು, ತಾನಾಗಿ ಚಲಿಸುವ ಮೆಟ್ಟಿಲು ಎಂಬ ಮಾತು ಬಂದೊಡನೆ ಮಾಲ್‌ಗಳ ಪಕ್ಷ ಸೋತಿತು.

ಆ ಮೆಟ್ರೋ ರೈಲೇ ಯೋಜನೆಗೆ ಬೆನ್ನೆಲುಬಾಯಿತು. ಬೆಂಗಳೂರಿನಲ್ಲಿ ಇದರ ಮೊದಲ ಭಾಗ ಆರಂಭವಾದದ್ದು 2011ರ ಅಕ್ಟೋಬರಿನಲ್ಲಿ, ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ. ಆಮೇಲೆ ಅದು ನಾಲ್ಕು ದಿಕ್ಕಿಗೂ ಬೆಳೆದಿದೆ. ಮೇಡಂ ಕಪ್ಪು ಹಲಗೆಯ ಮೇಲೆ ಎರಡು ಗೆರೆಗಳನ್ನು ಎಳೆದರು. ಉತ್ತರದಿಂದ ದಕ್ಷಿಣಕ್ಕೆ ಹಸಿರು ಗೆರೆ. ಪಶ್ಚಿಮದಿಂದ ಪೂರ್ವಕ್ಕೆ ನೇರಳೆ ಗೆರೆ. ಎರಡೂ ಸಂಧಿಸುವ ಜಾಗ ಮೆಜೆಸ್ಟಿಕ್. ವಿದ್ಯಾರ್ಥಿಗಳು ತಮ್ಮ ಪಟ್ಟಿಯಲ್ಲಿ ಉಳಿದ ಸ್ಥಳಗಳನ್ನು ಈ ಗೆರೆಗಳ ಪಕ್ಕದಲ್ಲಿ ಗುರುತಿಸುತ್ತ ಹೋದರು. ಯಶವಂತಪುರ, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಇವೆಲ್ಲ ಹಸಿರು ಗೆರೆಯ ಮೇಲೆ. ವಿಧಾನಸೌಧ, ಕಬ್ಬನ್ ಪಾರ್ಕ್, ಮಹಾತ್ಮ ಗಾಂಧಿ ರಸ್ತೆ ನೇರಳೆ ಗೆರೆಯ ಮೇಲೆ. ಅರಸೀಕೆರೆಯ ಅನೇಕ ರೈಲುಗಳು ಯಶವಂತಪುರದಲ್ಲಿ ನಿಲ್ಲುತ್ತವೆ. ಅಲ್ಲಿಯೇ ಇಳಿದು ಹಸಿರು ಗೆರೆಯನ್ನು ಹಿಡಿಯಬಹುದು. ಹಿಂದಿರುಗುವಾಗ ಮೆಜೆಸ್ಟಿಕ್‌ನಲ್ಲಿ ಇಳಿದರೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ ಎದುರಿಗೇ ಇದೆ. ನಗರದೊಳಗೆ ಬಸ್ಸೇ ಬೇಡವೆಂದಾಯಿತು.

ಈ ಗೆರೆಗಳನ್ನು ನೋಡುತ್ತಿದ್ದಾಗ ಮೇಡಂ ಇನ್ನೊಂದು ವಿಷಯವನ್ನು ಎತ್ತಿದರು. ಹಸಿರು ಗೆರೆಯ ಪಕ್ಕದಲ್ಲಿರುವ ಊರುಗಳ ಹೆಸರುಗಳನ್ನು ಓದಿ ನೋಡಿ ಎಂದರು. ಚಿಕ್ಕಪೇಟೆ, ಅದರ ಸುತ್ತ ದೊಡ್ಡಪೇಟೆ, ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ನಗರ್ತಪೇಟೆ. ನೇರಳೆ ಗೆರೆಯ ಪೂರ್ವಭಾಗದಲ್ಲಿ ಕಬ್ಬನ್, ಮಹಾತ್ಮ ಗಾಂಧಿ ರಸ್ತೆ, ಟ್ರಿನಿಟಿ. ಒಂದೇ ಊರಿನಲ್ಲಿ ಎರಡು ಬಗೆಯ ಹೆಸರುಗಳು ಬಂದದ್ದು ಹೇಗೆ? ಬೆಂಗಳೂರು ಬಹುಕಾಲ ಒಂದು ಊರಾಗಿರಲಿಲ್ಲ, ಎರಡು ಊರಾಗಿತ್ತು. ಯಲಹಂಕ ನಾಡಿನ ಹಿರಿಯ ಕೆಂಪೇಗೌಡ 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ, ಅದರೊಳಗೆ ಕಸುಬಿಗೊಂದು ಬೀದಿಯಂತೆ ಬೆಳೆಸಿದ್ದು ಪೇಟೆ. ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ತಂದು 1809ರಲ್ಲಿ ಹಲಸೂರಿನ ಕಡೆ ನೆಲೆಗೊಳಿಸಿದ್ದು ದಂಡು. ಪೇಟೆಗೆ ಒಂದು ಪುರಸಭೆ, ದಂಡಿಗೆ ಇನ್ನೊಂದು. ನಡುವೆ ಬಯಲು ಮತ್ತು ಉದ್ಯಾನ. ಎರಡೂ ಕೂಡಿ ಒಂದೇ ನಗರಾಡಳಿತಕ್ಕೆ ಒಳಪಟ್ಟದ್ದು ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ.

"ಹಾಗಾದರೆ ಒಂದು ದಿನ ಪೇಟೆ, ಒಂದು ದಿನ ದಂಡಿನ ಕಡೆ," ಎಂದ, ಅಜ್ಜಿಗೆ ಮೈ ಸರಿಯಿಲ್ಲವೆಂದು ಹೇಳಿದ್ದ ಹುಡುಗ. ಅವನು ಯೋಜನೆಯ ಚರ್ಚೆಯಲ್ಲಿ ಬಾಯಿ ತೆರೆದದ್ದು ಅದೇ ಮೊದಲು. ಎರಡು ದಿನಗಳ ವಿಭಾಗ ಅಷ್ಟು ಸಲೀಸಾಗಿ ಆಗಿಹೋಯಿತು.

ದಿನಾಂಕವನ್ನು ಸೂಚಿಸಿದವನೂ ಅವನೇ. ಅವನ ಸೋದರಮಾವ ಪಾವಗಡದ ಕಡೆಯ ರೈತ. ಪ್ರತಿವರ್ಷ ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಮೂಟೆ ಹೇರಿಕೊಂಡು ಹೋಗುವವನು. ಪರಿಷೆ ಸೋಮವಾರವಾದರೂ ಅಂಗಡಿಗಳು ಒಂದೆರಡು ದಿನ ಮೊದಲೇ ಬಂದು ಬೀದಿಯುದ್ದಕ್ಕೂ ರಾಶಿ ಹಾಕುತ್ತವೆ. ಗಣರಾಜ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗೋಣವೆಂದು ಕೆಲವರು ಹೇಳಿದ್ದುಂಟು. ಆ ಜನಜಂಗುಳಿಯಲ್ಲಿ 34 ಮಕ್ಕಳನ್ನು ಎಣಿಸುತ್ತ ನಿಲ್ಲುವುದು ತಮ್ಮಿಂದಾಗದೆಂದು ಮೇಡಂ ಕೈ ಮುಗಿದುಬಿಟ್ಟರು. ಪರಿಷೆಯಲ್ಲಿಯೂ ಜನವೇನೂ ಕಡಿಮೆಯಿಲ್ಲ; ಆದರೆ ಅಲ್ಲಿ ಅವರ ಹುಡುಗನೊಬ್ಬನ ಮಾವ ಇದ್ದಾನೆ. ಪರಿಷೆಯ ಹಿಂದಿನ ಶನಿವಾರ, ಭಾನುವಾರಗಳೇ ಗೊತ್ತಾದವು.

ಶನಿವಾರದ ಯೋಜನೆ ಹೀಗಿತ್ತು. ಮುಂಜಾನೆಯ ರೈಲಿನಲ್ಲಿ ಯಶವಂತಪುರಕ್ಕೆ; ಅಲ್ಲಿಂದ ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ; ಬಸವನಗುಡಿಯ ಒಂದು ಛತ್ರದಲ್ಲಿ ಚೀಲಗಳನ್ನಿಟ್ಟು, ಮತ್ತೆ ಒಂದೇ ನಿಲ್ದಾಣ ಹಿಂದಕ್ಕೆ ಬಂದು ಮಾರುಕಟ್ಟೆಯಲ್ಲಿ ಇಳಿಯುವುದು. 1928ರಲ್ಲಿ ತೆರೆದ ಈ ಮಾರುಕಟ್ಟೆಗೆ ಮೈಸೂರಿನ ಮಹಾರಾಜರಾಗಿದ್ದ ಕೃಷ್ಣರಾಜ ಒಡೆಯರ ಹೆಸರು. ಸೇವಂತಿಗೆ, ಕನಕಾಂಬರ, ಮಲ್ಲಿಗೆಗಳು ಸುತ್ತಲಿನ ಹಳ್ಳಿಗಳಿಂದ ನಸುಕಿಗೇ ಇಲ್ಲಿಗೆ ಬಂದು ಸೇರುತ್ತವೆ. ಎದುರಿಗೇ ಕೋಟೆಯ ಉಳಿದ ಭಾಗ. ಕೆಂಪೇಗೌಡನ ಮಣ್ಣಿನ ಕೋಟೆಯ ದಕ್ಷಿಣಕ್ಕಿದ್ದ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನಿಂದ ಭದ್ರಪಡಿಸಿದ. ಮೂವತ್ತು ವರ್ಷಗಳ ಅನಂತರ, 1791ರ ಮಾರ್ಚ್ ತಿಂಗಳ ಒಂದು ರಾತ್ರಿ, ಕಾರ್ನ್‌ವಾಲಿಸನ ಸೈನ್ಯ ಗೋಡೆಯಲ್ಲಿ ಬಿರುಕು ಮಾಡಿ ಒಳನುಗ್ಗಿತು. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ಒಂದಿಷ್ಟು ಗೋಡೆ ಮಾತ್ರ. ಅದರ ಮುಂದೆ ವಾಹನಗಳು ಹರಿಯುತ್ತಿರುತ್ತವೆ. ಹತ್ತಿರ ಹೋಗಿ ನಿಂತು ಆ ಕಲ್ಲುಗಳನ್ನು ನೋಡಿದವರಿಗೆ ಮಾತ್ರ ಅದು ಕೋಟೆಯೆಂದು ತೋರುತ್ತದೆ.

ಅಲ್ಲಿಂದ ಕೆಲವೇ ಹೆಜ್ಜೆಗಳಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ 1781ರಲ್ಲಿ ಆರಂಭಿಸಿದ್ದನ್ನು ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದ. ಅರಮನೆಯೆಂದರೆ ಬಂಗಾರದ ಗೋಪುರಗಳನ್ನು ನಿರೀಕ್ಷಿಸುವವರಿಗೆ ಇಲ್ಲಿ ನಿರಾಶೆಯಾದೀತು. ಇದು ತೇಗದ ಕಂಬಗಳ ಎರಡಂತಸ್ತಿನ ಮನೆ. ಕಮಾನುಗಳ ಸಾಲು, ಗಾಳಿಯಾಡುವ ಮೊಗಸಾಲೆ, ಬಣ್ಣ ಮಾಸಿದ ಹೂಬಳ್ಳಿಗಳ ಚಿತ್ರಗಳು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ 15 ವರ್ಷದೊಳಗಿನವರಿಗೆ ಪ್ರವೇಶ ಶುಲ್ಕವಿಲ್ಲ. ನಾಯಕಿ ಹಾಜರಿ ಪುಸ್ತಕದಿಂದ ಜನ್ಮದಿನಾಂಕಗಳ ಪಟ್ಟಿಯನ್ನು ತೆಗೆದು ಮುಖ್ಯೋಪಾಧ್ಯಾಯರ ಮೊಹರು ಹಾಕಿಸಿಟ್ಟಳು.

ಈ ಅರಮನೆಯ ಬಗ್ಗೆ ಮೇಡಂ ಹೇಳಿದ ಒಂದು ಸಂಗತಿ ಮಕ್ಕಳಿಗೆ ಬಹಳ ಹಿಡಿಸಿತು. ಟಿಪ್ಪುವಿನ ಕಾಲದ ಅನಂತರ ಇಲ್ಲಿ ಬ್ರಿಟಿಷರ ಆಡಳಿತದ ಕಚೇರಿಗಳು ನಡೆಯುತ್ತಿದ್ದವು. ಅಲ್ಲಿ ಸ್ಥಳ ಸಾಲದೆ 1868ರಲ್ಲಿ ಹೊಸದಾಗಿ ಕಟ್ಟಿದ ಕೆಂಪು ಕಟ್ಟಡಕ್ಕೆ ಹೋದವು. ಹದಿನೆಂಟು ಇಲಾಖೆಗಳಿದ್ದುದರಿಂದ ಅದಕ್ಕೆ ಅಠಾರಾ ಕಚೇರಿ ಎಂದು ಹೆಸರಾಯಿತು. ಅಲ್ಲಿಂದ ಮುಂದೆ ಸರ್ಕಾರ ಎದುರಿಗಿನ ವಿಧಾನಸೌಧಕ್ಕೆ ದಾಟಿಕೊಂಡಿತು. ಶನಿವಾರ ಅರಮನೆ, ಭಾನುವಾರ ಅಠಾರಾ ಕಚೇರಿ, ಅದರ ಎದುರಿಗೆ ವಿಧಾನಸೌಧ: ಸರ್ಕಾರಕ್ಕೆ ನೂರಕ್ಕೂ ಹೆಚ್ಚು ವರ್ಷ ಹಿಡಿದ ದಾರಿಯನ್ನು ಇವರು ಎರಡು ದಿನಗಳಲ್ಲಿ ನಡೆದು ಮುಗಿಸುವವರು.

ಮಧ್ಯಾಹ್ನದ ಊಟ ಮನೆಯ ಬುತ್ತಿ. ಆಮೇಲೆ ದೊಡ್ಡಪೇಟೆಯ ರಸ್ತೆಯಲ್ಲಿ ಒಂದು ಸುತ್ತು. ಈಗ ಅದಕ್ಕೆ ಅವೆನ್ಯೂ ರಸ್ತೆಯೆಂದು ಹೆಸರು. ಹಳೆಯ ಪಠ್ಯಪುಸ್ತಕಗಳು, ನಿಘಂಟುಗಳು ಅಗ್ಗವಾಗಿ ಸಿಗುವ ಜಾಗ. ಸಮೀಪದಲ್ಲಿ ಧರ್ಮರಾಯನ ಗುಡಿ. ಚೈತ್ರ ಪೂರ್ಣಿಮೆಯ ರಾತ್ರಿ ಅಲ್ಲಿಂದ ಹೊರಡುವ ಕರಗ ಪೇಟೆಯ ಬೀದಿಗಳಲ್ಲಿ ಸುತ್ತುತ್ತ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಗೌರವ ಸಲ್ಲಿಸಿ ಮುಂದುವರಿಯುತ್ತದೆ. ನವೆಂಬರಿನಲ್ಲಿ ಕರಗವಿಲ್ಲ, ಆ ಬೀದಿಗಳಾದರೂ ಇವೆ. ಗವಿಪುರದ ಗಂಗಾಧರೇಶ್ವರನ ಗುಹಾಲಯವನ್ನು ಮಾತ್ರ ಪಟ್ಟಿಯಿಂದ ಬಿಟ್ಟರು. ನಂದಿಯ ಕೊಂಬುಗಳ ನಡುವಿನಿಂದ ಸೂರ್ಯನ ಕಿರಣ ಲಿಂಗವನ್ನು ಮುಟ್ಟುವ ದೃಶ್ಯ ಅಲ್ಲಿನ ವಿಶೇಷ. ಅದಕ್ಕೆ ಹೆಸರಾದ ದಿನ ಮಕರ ಸಂಕ್ರಾಂತಿ.

ಪೇಟೆಯ ಮಾತು ಬಂದಾಗ ಊರಿನ ಹೆಸರಿನ ಪ್ರಶ್ನೆಯೂ ಬಂತು. ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂದಾಯಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಕಥೆ ಸೊಗಸಾಗಿದೆ. ಆದರೆ ಬೇಗೂರಿನ ದೇವಾಲಯದಲ್ಲಿರುವ, ಗಂಗರ ಕಾಲದ ಒಂದು ಶಾಸನದಲ್ಲಿ ಬೆಂಗಳೂರಿನ ಕಾಳಗವೆಂಬ ಮಾತಿದೆ. ಆ ಶಾಸನ ಕ್ರಿ.ಶ. 900ರ ಆಸುಪಾಸಿನದು, ವೀರಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಹೆಚ್ಚು ಹಿಂದಿನದು. ಮೇಷ್ಟ್ರು ಇದನ್ನು ಹೇಳಿದಾಗ ಒಬ್ಬ ಹುಡುಗ, "ಹಾಗಾದರೆ ಆ ಮುದುಕಿ ಸುಳ್ಳೇ ಸಾರ್?" ಎಂದು ಸಂಕಟದಿಂದ ಕೇಳಿದ. ಕಾಳು ಬೇಯಿಸಿಕೊಟ್ಟ ಮುದುಕಿಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ, ಊರಿನ ಹೆಸರು ಮಾತ್ರ ಅವಳಿಗಿಂತ ಹಳೆಯದು ಎಂದು ಮೇಷ್ಟ್ರು ಸಮಾಧಾನ ಹೇಳಿದರು.

ಶನಿವಾರದ ಸಂಜೆ ದೊಡ್ಡ ಬಸವಣ್ಣನ ಗುಡಿ. ಕೆಂಪೇಗೌಡನ ಕಾಲದ್ದೆಂದು ಹೇಳುವ ಈ ಏಕಶಿಲಾ ನಂದಿಯ ಎತ್ತರ ನಾಲ್ಕೂವರೆ ಮೀಟರ್. ಸುತ್ತಲಿನ ಹೊಲಗಳಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದ ರೈತರು ರಾತ್ರಿ ಬೆಳೆ ಮೇಯುತ್ತಿದ್ದ ಬಸವನನ್ನು ಒಲಿಸಿಕೊಳ್ಳಲು ಮೊದಲ ಫಸಲನ್ನು ಅರ್ಪಿಸತೊಡಗಿದರೆಂದು ಐತಿಹ್ಯ. ಹೊಲಗಳಿದ್ದ ಜಾಗದಲ್ಲಿ ಈಗ ಮನೆಗಳಿವೆ. ಕಡಲೆಕಾಯಿ ಬೇರೆ ಜಿಲ್ಲೆಗಳಿಂದ ಬರುತ್ತದೆ. ಪರಿಷೆ ಮಾತ್ರ ಅಲ್ಲಿಯೇ ಇದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ನಡೆದುಬಂದಿರುವ ಉಪಾಹಾರ ಮಂದಿರ. ಅದರ ದೋಸೆಯ ಕೀರ್ತಿ ಅರಸೀಕೆರೆಗೂ ಮುಟ್ಟಿದೆ. ಶನಿವಾರದ ಸಂಜೆ ಅಲ್ಲಿ 36 ಜನ ಸಾಲಿನಲ್ಲಿ ನಿಂತರೆ ಕೊನೆಯವರಿಗೆ ದೋಸೆ ಸಿಗುವ ಹೊತ್ತಿಗೆ ಮೊದಲಿನವರಿಗೆ ಮತ್ತೆ ಹಸಿವಾಗುತ್ತದೆ ಎಂದು ಗಣಿತದ ಹುಡುಗ ಲೆಕ್ಕ ಒಪ್ಪಿಸಿದ. ನಿಂತು ತಿನ್ನುವ ಯಾವುದಾದರೂ ಒಂದು ದರ್ಶಿನಿಯಲ್ಲಿ ದೋಸೆ ಎಂದು ತೀರ್ಮಾನವಾಯಿತು.

ಭಾನುವಾರ ಮೆಟ್ರೋ ರೈಲು ಉಳಿದ ದಿನಗಳಿಗಿಂತ ತಡವಾಗಿ ಆರಂಭವಾಗುತ್ತದೆ. ಇದು ತಿಳಿಯದೆ ಯೋಜನೆ ಮಾಡಿದ್ದರೆ ಬೆಳಗಿನ ತಂಪು ಹೊತ್ತು ನಿಲ್ದಾಣದ ಬಾಗಿಲಲ್ಲಿ ಕಳೆದುಹೋಗುತ್ತಿತ್ತು. ಬಸವನಗುಡಿಯಲ್ಲಿ ತಂಗುವುದರಿಂದ ಲಾಲ್‌ಬಾಗಿಗೆ ನಡೆದೇ ಹೋಗಬಹುದು. ಹೈದರಾಲಿ 1760ರಲ್ಲಿ ಹಾಕಿಸಿದ ತೋಟ ಈಗ 240 ಎಕರೆಗಳ ಸಸ್ಯೋದ್ಯಾನ. ಗಾಜಿನ ಮನೆಯ ಶಂಕುಸ್ಥಾಪನೆ ನಡೆದದ್ದು 1889ರಲ್ಲಿ. ಲಂಡನ್ನಿನ ಸ್ಫಟಿಕ ಅರಮನೆ ಅದಕ್ಕೆ ಮಾದರಿ. ಆದರೆ ಅಲ್ಲಿ ಎಲ್ಲಕ್ಕಿಂತ ಹಳೆಯದಾದದ್ದು ಯಾರೂ ಕಟ್ಟದೆ ಇರುವ ಬಂಡೆ. ಸುಮಾರು 300 ಕೋಟಿ ವರ್ಷಗಳ ಹಿಂದೆ ರೂಪುಗೊಂಡ ಈ ಕಲ್ಲನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಇಂತಹ ನಾಲ್ಕು ಗೋಪುರಗಳು ಊರಿನ ನಾಲ್ಕು ಕಡೆ ಇವೆ. ನಗರದ ಎಲ್ಲೆ ಇಷ್ಟೆಂದು ಗುರುತಿಸಲು ಅವನ್ನು ನಿಲ್ಲಿಸಿದರೆಂದು ಪ್ರತೀತಿ. ಎಲ್ಲೆ ಈಗ ಎಲ್ಲಿದೆಯೆಂಬುದನ್ನು ಬಂಡೆಯ ಮೇಲೆ ನಿಂತು ನಾಲ್ಕು ದಿಕ್ಕಿಗೂ ನೋಡಿದರೆ ಸಾಕು.

ಕೆಂಪೇಗೌಡರು ಮತ್ತು ಅನಂತರದವರು ಗೋಪುರಗಳ ಜೊತೆಗೆ ಕೆರೆಗಳನ್ನೂ ಕಟ್ಟಿಸಿದರು. ನದಿಯಿಲ್ಲದ ಊರಿಗೆ ಕೆರೆಯೇ ಆಧಾರ. ಮೆಜೆಸ್ಟಿಕ್‌ನ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ತಮ್ಮ ಊರಿನ ಕೆರೆ ತುಂಬದ ವರ್ಷ ಎಂತಹದೆಂದು ಅರಸೀಕೆರೆಯ ಬಯಲು ಸೀಮೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಈ ಎರಡು ಹೆಸರುಗಳನ್ನು ಅವರು ನಕ್ಷೆಯಲ್ಲಿ ನೀಲಿ ಬಣ್ಣದಿಂದ ಬರೆದರು, ನೀರಿಲ್ಲದಿದ್ದರೂ.

ಲಾಲ್‌ಬಾಗಿನಿಂದ ಹಸಿರು ಗೆರೆಯಲ್ಲಿ ಮೆಜೆಸ್ಟಿಕ್‌ಗೆ, ಅಲ್ಲಿ ಬದಲಾಯಿಸಿ ನೇರಳೆ ಗೆರೆಯಲ್ಲಿ ವಿಧಾನಸೌಧಕ್ಕೆ. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅಡಿಗಲ್ಲಿಟ್ಟ ಈ ಕಟ್ಟಡದ ನಕ್ಷೆಯನ್ನು ಮಾರ್ಪಡಿಸಿ ಇಷ್ಟು ಭವ್ಯವಾಗಿಸಿದವರು ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯ. 1956ರಲ್ಲಿ ಅದು ಪೂರ್ಣವಾಯಿತು. ಒಳಗೆ ಹೋಗಿ ನೋಡಲು ರಜಾದಿನಗಳಲ್ಲಿ ಮಾರ್ಗದರ್ಶಿ ನಡಿಗೆ 2025ರಲ್ಲಿ ಆರಂಭವಾಗಿದೆ. ಮೊದಲೇ ಹೆಸರು ನೋಂದಾಯಿಸಬೇಕು. ಆ ಕೆಲಸವನ್ನು ಮೇಷ್ಟ್ರು ವಹಿಸಿಕೊಂಡರು. ಎದುರಿಗಿರುವ ಅಠಾರಾ ಕಚೇರಿ ಈಗ ಉಚ್ಚ ನ್ಯಾಯಾಲಯ. ಅದನ್ನು ಹೊರಗಿನಿಂದ ನೋಡಬೇಕು. 1980ರ ದಶಕದಲ್ಲಿ ಈ ಕೆಂಪು ಕಟ್ಟಡವನ್ನು ಕೆಡವಬೇಕೆಂಬ ಪ್ರಸ್ತಾಪವಿತ್ತು, ನಾಗರಿಕರು ವಿರೋಧಿಸಿ ನ್ಯಾಯಾಲಯದ ಮೊರೆಹೊಕ್ಕರು, ಕಟ್ಟಡ ಉಳಿಯಿತು. ಕಬ್ಬನ್ ಉದ್ಯಾನ ಅದರ ಹಿಂದೆಯೇ. 1870ರಲ್ಲಿ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ ಈ ಉದ್ಯಾನವೇ ಪೇಟೆ ಮತ್ತು ದಂಡುಗಳ ನಡುವಿನ ಬಯಲಾಗಿತ್ತು.

ಮಧ್ಯಾಹ್ನಕ್ಕೆ ಎರಡು ಸ್ಥಳಗಳು ಸ್ಪರ್ಧಿಸಿದವು: 1962ರಲ್ಲಿ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಹಾಗೂ 1989ರಲ್ಲಿ ತೆರೆದ ತಾರಾಲಯ. ಎರಡಕ್ಕೂ ಹೊತ್ತಿಲ್ಲ. ತಾರಾಲಯದಲ್ಲಿ ಕನ್ನಡ ವಿವರಣೆಯ ಪ್ರದರ್ಶನವಿದೆ; ಆದರೆ ಅದಕ್ಕೆ ಗೊತ್ತಾದ ವೇಳೆಗೇ ಹೋಗಿ ಕೂರಬೇಕು. ವಸ್ತುಸಂಗ್ರಹಾಲಯದಲ್ಲಿ ಯಂತ್ರಗಳನ್ನು ಮುಟ್ಟಬಹುದು, ತಿರುಗಿಸಬಹುದು. ಕೈ ಎತ್ತಿಸಿ ಎಣಿಸಿದಾಗ 19 ಕೈಗಳು ಯಂತ್ರಗಳ ಕಡೆಗಿದ್ದವು. ನಕ್ಷತ್ರಗಳು ತಮ್ಮ ಊರಿನಲ್ಲಿ ಬೆಂಗಳೂರಿಗಿಂತ ಚೆನ್ನಾಗಿ ಕಾಣುತ್ತವೆ ಎಂದು ಸೋತವರು ಸಮಾಧಾನಪಟ್ಟುಕೊಂಡರು.

ಹೊಸ ಲೆಕ್ಕದಲ್ಲಿ ತಲೆಗೆ 740 ರೂಪಾಯಿ ಬಂತು. ಅದನ್ನು ಎರಡು ಕಂತುಗಳಲ್ಲಿ ಕೊಡಬಹುದೆಂದು ಮುಖ್ಯೋಪಾಧ್ಯಾಯರು ಒಪ್ಪಿದರು. ಹಾಳೆ ಮತ್ತೆ ತರಗತಿಯನ್ನು ಸುತ್ತಿತು. ಅಜ್ಜಿ ಚೇತರಿಸಿಕೊಂಡಿದ್ದಳು, ಮದುವೆ ಮುಂದಕ್ಕೆ ಹೋಗಿತ್ತು, ತಲೆಸುತ್ತಿನ ಹುಡುಗಿಗೆ ರೈಲಾದರೆ ತೊಂದರೆಯಿರಲಿಲ್ಲ.

ಉಳಿದವು ಸಣ್ಣ ವಿಷಯಗಳು. ಪ್ರವಾಸ ಕೆಡುವುದು ಹೆಚ್ಚಾಗಿ ಇಂತಹವುಗಳಿಂದಲೇ. ತಾನೇ ಹೊತ್ತುಕೊಳ್ಳಬಲ್ಲ ಒಂದೇ ಚೀಲ, ನೀರಿನ ಬಾಟಲಿ, ಹಳೆಯ, ಕಾಲಿಗೆ ಒಗ್ಗಿದ ಚಪ್ಪಲಿ. ಪ್ರವಾಸಕ್ಕೆಂದು ಹೊಸ ಚಪ್ಪಲಿ ಕೊಳ್ಳುವವರು ಎರಡನೆಯ ದಿನ ಕುಂಟುತ್ತಾರೆ. ಆರಾರು ಜನರಂತೆ ಐದು ಗುಂಪುಗಳು, ನಾಲ್ವರದೊಂದು, ಗುಂಪಿಗೊಬ್ಬ ಮುಖಂಡ. ಪ್ರತಿಯೊಬ್ಬರ ಜೇಬಿನಲ್ಲಿ ಛತ್ರದ ವಿಳಾಸ ಮತ್ತು ಇಬ್ಬರು ಶಿಕ್ಷಕರ ದೂರವಾಣಿ ಸಂಖ್ಯೆ ಬರೆದ ಚೀಟಿ. ಗುಂಪಿನಿಂದ ತಪ್ಪಿಹೋದವನು ಹುಡುಕಿಕೊಂಡು ಅಲೆಯಬಾರದು, ತಪ್ಪಿದಲ್ಲಿಯೇ ನಿಲ್ಲಬೇಕು. ಹುಡುಗಿಯರು ಮೇಡಂ ಬಳಿ ಪ್ರತ್ಯೇಕವಾಗಿ ಹೋಗಿ ಶೌಚಾಲಯದ ಮಾತನ್ನು ಕೇಳಿದರು. ಹುಡುಗರ ಯೋಜನೆಯಲ್ಲಿ ಅದು ಬಂದೇ ಇರಲಿಲ್ಲ. ಮೇಡಂ ಇಡೀ ಯೋಜನೆಯನ್ನು ಮತ್ತೊಮ್ಮೆ ಓದಿ, ಪ್ರತಿ ಎರಡು ಗಂಟೆಗೊಮ್ಮೆ ಮೆಟ್ರೋ ನಿಲ್ದಾಣವೋ ಛತ್ರವೋ ವಸ್ತುಸಂಗ್ರಹಾಲಯವೋ ಬರುವಂತೆ ಅಲ್ಲಲ್ಲಿ ತಿದ್ದಿದರು. ಶಿಕ್ಷಕರು ಯೋಜನೆಯಲ್ಲಿ ಕೈಯಿಟ್ಟದ್ದು ಅದೊಂದೇ ಕಡೆ.

ಕೊನೆಯ ಚರ್ಚೆ ವಿಧಾನಸೌಧದ ದೀಪಗಳ ಮೇಲೆ ನಡೆಯಿತು. ಭಾನುವಾರದ ಸಂಜೆ ಕತ್ತಲಾದ ಮೇಲೆ ಆ ಕಟ್ಟಡಕ್ಕೆ ದೀಪಾಲಂಕಾರವಿರುತ್ತದೆ. ಅದನ್ನು ನೋಡಬೇಕಾದರೆ ಸಂಜೆಯ ರೈಲನ್ನು ಬಿಟ್ಟು ಅದರ ಮುಂದಿನದಕ್ಕೆ ಹೊರಡಬೇಕು. ಸಂಜೆಯ ರೈಲು ಅರಸೀಕೆರೆಯನ್ನು ಮುಟ್ಟಿದರೆ ಹಳ್ಳಿಯ ಕೊನೆಯ ಬಸ್ಸು ಸಿಗುತ್ತದೆ. ಮುಂದಿನ ರೈಲಿನಲ್ಲಿ ಬಂದವರು ರಾತ್ರಿ ನಿಲ್ದಾಣದಲ್ಲಿಯೇ ಕೂರಬೇಕು, ಇಲ್ಲವೇ 34 ಮನೆಗಳವರು ಏನಾದರೊಂದು ವಾಹನ ಮಾಡಿಕೊಂಡು ಬರಬೇಕು. ಮೂವರು ತಮ್ಮ ಮನೆಯಿಂದ ಬೈಕು ಬರುತ್ತದೆ ಎಂದರು. ನಾಯಕಿ ಉಳಿದ 31 ಜನರನ್ನು ಒಮ್ಮೆ ನೋಡಿದಳು. ಆ ಮೂವರು ತಾವಾಗಿಯೇ ಕುಳಿತುಕೊಂಡರು. ಅವಳು ಯೋಜನೆಯ ಹಾಳೆಯಲ್ಲಿ ಸಂಜೆಯ ರೈಲಿನ ವೇಳೆಯನ್ನು ಬರೆದು, ಅದರ ಕೆಳಗೆ, ಇನ್ನೊಂದು ಪುಟ್ಟ ಸಾಲನ್ನು ಸೇರಿಸಿ ಮುಖ್ಯೋಪಾಧ್ಯಾಯರ ಸಹಿಗೆ ಒಯ್ದಳು: ದೀಪಗಳು, ಮುಂದಿನ ಸಲ.